ಎಂಜಿನ್ ನಿಲ್ಲಿಸಿದ್ದು

ಫೆಬ್ರವರಿ 11, ಬೆಳಿಗ್ಗೆ 5
ಕಣ್ಣಿಗೆ ಡ್ರಾಪ್ಸ್ ಹಾಕಿದ್ದಾಯಿತು. ಬಾಟಲಿ ಮತ್ತೆ ಹಳೇ ಬಲೆಯ ಕೆಳಗೆ. ಮಗಳು ಬ್ರೀಸಾ ಕಾಫಿ ಕಾಸುತ್ತಿದ್ದಾಳೆ. ಇವತ್ತು ಆರು ಜನ ಟೂರಿಸ್ಟುಗಳು.

ಸಾನ್ ಇಗ್ನಾಸಿಯೋ ಕೊಲ್ಲಿಯಲ್ಲಿ ಮೂವತ್ತೊಂದು ವರ್ಷದಿಂದ ಇದೇ ಕೆಲಸ — ದೋಣಿಯಲ್ಲಿ ಕರೆದೊಯ್ದು ತಿಮಿಂಗಿಲ ತೋರಿಸುವುದು. ಈಗ ನನಗೇ ಕಾಣದು. ಎರಡೂ ಬದಿ ಮಂಜು, ನಡುವೆ ಕಿಂಡಿಯಷ್ಟು ಬೆಳಕು. ಹೋದ ದೃಷ್ಟಿ ವಾಪಸು ಬರದು, ಇದ್ದದ್ದು ಉಳಿದರೆ ಪುಣ್ಯ ಅಂದಿದ್ದಾರೆ ಡಾಕ್ಟರು. ಬ್ರೀಸಾಗೆ ಹೇಳಿಲ್ಲ. ಹೇಳಿದರೆ ಚುಕ್ಕಾಣಿ ಕಿತ್ತುಕೊಳ್ಳುತ್ತಾಳೆ. ಚುಕ್ಕಾಣಿ ಹೋದ ಮೇಲೆ ನಾನು ಯಾರು... ಎದ್ದಾಗಲೇ ಸುಸ್ತು.

ಅದೇ ದಿನ, ಸಂಜೆ
ಬಂದವನೇ ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ.

ಗಾಳಿ ಜಾಸ್ತಿ ಇತ್ತು. ಬ್ರೀಸಾ ಮುಂದೆ ಕೂತು ಟೂರಿಸ್ಟುಗಳಿಗೆ ಇಂಗ್ಲಿಷಲ್ಲಿ ಏನೋ ಹೇಳುತ್ತಿದ್ದಳು. ನೊರೆ ಯಾವುದು, ತಿಮಿಂಗಿಲದ ಉಸಿರು ಯಾವುದು — ಗೊತ್ತಾಗಲಿಲ್ಲ. ಕಿವಿಗಾದರೂ ಸಿಗಲಿ ಅಂತ ಎಂಜಿನ್ ನಿಲ್ಲಿಸಿಬಿಟ್ಟೆ.

ನಮ್ಮಲ್ಲಿ ನಡೆಯಲು ಕಲಿಯುವ ಮೊದಲೇ ಕಲಿಯುವ ಪಾಠ ಇದು: ತಿಮಿಂಗಿಲಗಳ ನಡುವೆ ಎಂಜಿನ್ ಸಣ್ಣಗೆ ಗುರುಗುಡುತ್ತಲೇ ಇರಬೇಕು. ದೋಣಿ ಎಲ್ಲಿದೆ ಅಂತ ಅವಕ್ಕೆ ತಿಳಿಯುವುದು ಆ ಸದ್ದಿನಿಂದ. ನಾನೇ ಎಷ್ಟು ಜನಕ್ಕೆ ಇದನ್ನು ಹೇಳಿ ಬೈದಿಲ್ಲ.

ಉಸಿರು ಕೇಳಿಸಿತು. ತೀರ ಹತ್ತಿರ. ಎಂಜಿನ್ ಹಚ್ಚುವಷ್ಟರಲ್ಲಿ ತಾಯಿ ತಿಮಿಂಗಿಲ ನಮ್ಮ ಕೆಳಗೇ ಎದ್ದಿತು. ದೋಣಿ ಮೊಣಕಾಲೆತ್ತರ ಮೇಲೆದ್ದು ವಾಲಿತು. ಒಬ್ಬ ಅಜ್ಜಿ ಅಂಚಿಗೆ ಜಾರಿದಳು. ಬ್ರೀಸಾ ಲೈಫ್ ಜಾಕೆಟ್ ಹಿಡಿದು ಎಳೆದಳು. ತಿಮಿಂಗಿಲವೇ ಮೆಲ್ಲಗೆ ಇಳಿಸಿ ಹೋಯಿತು, ಮರಿ ಹಿಂದೆಯೇ.

ಟೂರಿಸ್ಟುಗಳು ಚಪ್ಪಾಳೆ ತಟ್ಟಿದರು. ಬೇಕೆಂದೇ ಮಾಡಿಸಿದ ಆಟ ಅಂದುಕೊಂಡರು. ಅಜ್ಜಿ ನನ್ನ ಕೈ ಕುಲುಕಿದಳು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ದಡದಲ್ಲಿ ಹಗ್ಗ ಕಟ್ಟುತ್ತಾ ಬ್ರೀಸಾ ಕೇಳಿದಳು:
"ಎಡಗಡೆನೇ ಎರಡು ಸಲ ಉಸಿರು ಬಿಡ್ತಲ್ಲಪ್ಪ. ಕಾಣ್ಲಿಲ್ವಾ?"
"ಕಣ್ಣಿಗೆ ಬಿಸಿಲು ಹೊಡೀತಿತ್ತು ಕಣೇ."
"ಬಿಸಿಲು ನಿನ್ನ ಬೆನ್ನಿಗಿತ್ತು."

ಫೆಬ್ರವರಿ 12
ಸೊಂಟ ನೋವು ಅಂದೆ. ದೋಣಿ ಹತ್ತಲಿಲ್ಲ.

ಫೆಬ್ರವರಿ 26
ಎರಡು ವಾರವೂ ಸೊಂಟ ನೋವೇ. ಪಕ್ಕದ ಮನೆಯ ರೊಸಾಲಿಯೋ ನಮ್ಮ ದೋಣಿ ನಡೆಸುತ್ತಿದ್ದಾನೆ. ಇವತ್ತು ಬಂದವನು, ಏನಪ್ಪಾ ಫಿದೆನ್ಸಿಯೋ, ಸೊಂಟ ನೋವಿಗೆ ಕಣ್ಣಿಗೆ ಔಷಧಿ ಬಿಡ್ತಾರಾ ಅಂತ ನಕ್ಕ. ಊರಿಗೆಲ್ಲ ಗೊತ್ತಾಗಿದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯಿತು ನನ್ನ ಕಥೆ.

ಊಟಕ್ಕೆ ಕೂತರೆ ಮೇಜಿನ ಮೇಲೆ, ಉಪ್ಪಿನ ಪಕ್ಕ, ಡ್ರಾಪ್ಸ್ ಬಾಟಲಿ. ನನ್ನದಲ್ಲ, ಹೊಸದು. ಬ್ರೀಸಾ ರೊಟ್ಟಿ ಬಡಿಸಿದಳು. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು.

"ನಾಳೆಯಿಂದ ಚುಕ್ಕಾಣಿ ನೀನೇ ಹಿಡಿ," ಅಂದೆ.
"ಹಿಂದೆ ಕೂತು ಬೈತಾನೇ ಇರ್ತೀಯ."
"ದಡದಿಂದ ಬೈದ್ರೆ ಕೇಳ್ಸಲ್ಲ."
ಅವಳು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

ಫೆಬ್ರವರಿ 27, ಬೆಳಿಗ್ಗೆ 10
ದಡದಲ್ಲಿ, ಮುರುಕು ಕುರ್ಚಿ. ಅವಳು ಹೋದಳು. ದೋಣಿ ಆಗಲೇ ಮಂಜಿನಲ್ಲಿ ಕರಗಿತು — ನನ್ನ ಮಂಜು. ಅಳು ಬಂತು, ಸುಳ್ಳೇಕೆ.

ಗಾಳಿ ಆ ಕಡೆಯಿಂದ ಬೀಸುತ್ತಿದೆ. ಹತ್ತು ದೋಣಿ ಇರಲಿ, ನಮ್ಮ ಎಂಜಿನ್ನಿನ ಕೆಮ್ಮು ನನಗೆ ಗೊತ್ತು. ಅವಳು ಎಲ್ಲಿದ್ದಾಳೆ ಅಂತ ತಿಳಿಯಲು ಇನ್ನು ತಿಮಿಂಗಿಲಕ್ಕೂ ನನಗೂ ಸದ್ದೇ ಗತಿ.

11.40
ಒಮ್ಮೆಯೂ ಎಂಜಿನ್ ನಿಲ್ಲಿಸಲಿಲ್ಲ ಹುಡುಗಿ. ಸದ್ದು ಈಗ ದೊಡ್ಡದಾಗುತ್ತಿದೆ. ಈ ಕಡೆಗೇ. ಅವಳು ಹಗ್ಗ ಎಸೆದರೆ ಹಿಡಿಯಲು ಯಾರಾದರೂ ಇರಬೇಕಲ್ಲ, ನಾನು ಹೊರಟೆ.