ಎತ್ತಿಡಲು ಬಾರದ ಸಿಹಿ

ಸಿಂಧನೂರು
೧೬ ಮೇ ೨೦೨೫

ಪ್ರೀತಿಯ ಮಗಳು ಯಶೋಧರಾಳಿಗೆ,

ಜೈಭೀಮ್. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ನಿನ್ನ ಅಪ್ಪನ ಕಿವಿ ಮಾತ್ರ ಇನ್ನಷ್ಟು ಮಂದವಾಗಿದೆ. ಸಂತೆಗೆ ಹೋಗೆಂದರೆ ಕೇಳುವುದಿಲ್ಲ, ಸಿಹಿ ತಿನ್ನು ಬಾ ಎಂದರೆ ಹಿತ್ತಲಿನಿಂದಲೂ ಕೇಳುತ್ತದೆ. ಪತ್ರ ತಡವಾಯಿತು. ಕ್ಷಮಿಸು ಎಂದು ಬರೆಯುವವಳಲ್ಲ ನಾನು, ಅದು ನಿನಗೆ ಗೊತ್ತು. ತಡವಾಯಿತು ಎಂದು ಒಪ್ಪಿಕೊಂಡೆನಲ್ಲ, ಅಷ್ಟು ಸಾಕು.

ಬುದ್ಧ ಪೂರ್ಣಿಮೆಯ ಮರುದಿನದಿಂದ ನೀನು ಲಿಂಗಸುಗೂರಿನಿಂದ ದಿನಾ ಫೋನ್ ಮಾಡಿ, "ಏನಾತವ್ವಾ, ಗ್ಯಾನಮ್ಮ ತಿಂದಳೋ ಇಲ್ಲೋ?" ಎಂದು ಒಂದೇ ಮಾತು ಕೇಳುತ್ತಿದ್ದೆ. ನಾನು "ಬರೀತೀನಿ" ಎಂದು ಇಟ್ಟುಬಿಡುತ್ತಿದ್ದೆ. ನಮ್ಮ ಅಡುಗೆಮನೆಯ ಕಿಟಕಿಗೂ ಅವಳ ಅಡುಗೆಮನೆಯ ಕಿಟಕಿಗೂ ನಡುವೆ ಎಷ್ಟು ಜಾಗವಿದೆ ಎಂದು ನೀನು ಕಂಡಿದ್ದೀ. ನಿನ್ನ ಅಪ್ಪನ ಜೊತೆ ಮಾತಾಡಿ ಮಾತಾಡಿ ನನ್ನ ದನಿಯೂ ದೊಡ್ಡದಾಗಿದೆ. ಅವಳ ಸುದ್ದಿಯನ್ನು ಅವಳಿಗೇ ಕೇಳಿಸುವುದು ಬೇಡವೆಂದು ಕಾಗದ ಹಿಡಿದೆ.

ನಿನಗೆ ಅರ್ಧ ಗೊತ್ತಿದೆ. ಆದರೂ ಮೊದಲಿನಿಂದ ಬರೆಯುತ್ತೇನೆ. ಅರ್ಧ ಕೇಳಿದವರು ಉಳಿದರ್ಧವನ್ನು ತಾವೇ ಕಟ್ಟಿಕೊಳ್ಳುತ್ತಾರೆ.

ನಮ್ಮೂರು ವಳಕಮದಿನ್ನಿಯಲ್ಲಿ ನಮ್ಮ ಓಣಿಯೇ ಬೇರೆ ಇತ್ತು. ಯಾರು ನಮ್ಮ ಕೈಯಿಂದ ತಿನ್ನುವುದಿಲ್ಲ ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಇಲ್ಲಿ ಕಾಲೋನಿಗೆ ಬಂದ ಮೇಲೆ ಎಲ್ಲರ ಗೇಟಿಗೂ ಒಂದೇ ಬಣ್ಣ, ಎಲ್ಲ ಮನೆಯ ಗಂಡಸರೂ ನೌಕರಿಯವರು, ನನಗೂ ಅದು ಮರೆತಂತಾಗಿತ್ತು. ಗ್ಯಾನಮ್ಮ ಕೆಟ್ಟವಳಲ್ಲ. ನಿನ್ನ ಅಪ್ಪನಿಗೆ ಡೆಂಗ್ಯೂ ಆದಾಗ ಗಂಡನನ್ನು ಎಬ್ಬಿಸಿ ಕಾರು ತೆಗೆಸಿದವಳು ಅವಳೇ. ಕರಿಬೇವು ಕೊಡುತ್ತಾಳೆ, ನಮ್ಮ ಗದ್ದೆಯ ಅಕ್ಕಿ ಒಯ್ಯುತ್ತಾಳೆ. ಹೋದ ವರ್ಷ ಪೂರ್ಣಿಮೆಗೆ ನಾನು ಒಂದು ಡಬ್ಬಿ ಶೇಂಗಾ ಉಂಡೆ ಕೊಟ್ಟಾಗ ಎರಡೂ ಕೈಯಲ್ಲಿ ತೆಗೆದುಕೊಂಡಳು. "ಆಮ್ಯಾಲ ತಿಂತೀನ್ರೀ ಅಕ್ಕಾರ" ಎಂದಳು. ಮರುದಿನ, "ಭಾರಿ ಆಗಿದ್ವು, ಒಂದೂ ಉಳೀಲಿಲ್ಲ ನೋಡ್ರಿ" ಎಂದಳು. ನಾನು ಹಿಗ್ಗಿದೆ.

ನಾಲ್ಕು ದಿನ ಬಿಟ್ಟು, ಎರಡೂ ಮನೆಯ ಕೆಲಸ ಮಾಡುವ ಗಾಳೆಮ್ಮ ಪಾತ್ರೆ ತೊಳೆಯಲು ಬಂದವಳು, "ಅಮ್ಮಾರ, ನಿಮ್ಮ ಉಂಡಿ ನಮ್ಮ ಹುಡುಗ್ರು ಹಾಡಿ ಹೊಗಳಿ ತಿಂದ್ವು. ಗ್ಯಾನಮ್ಮಕ್ಕ ಡಬ್ಬಿಗಿ ಡಬ್ಬೀನೇ ನನ್ನ ಉಡ್ಯಾಗ ಸುರುವಿದ್ಳು" ಎಂದಳು. ಅವಳಿಗೆ ಪಾಪ, ತಾನು ಏನು ಹೇಳಿದೆನೆಂಬುದೇ ತಿಳಿಯಲಿಲ್ಲ. ಗ್ಯಾನಮ್ಮನೂ ಸುಳ್ಳು ಹೇಳಿರಲಿಲ್ಲ. ಒಂದೂ ಉಳಿದಿರಲಿಲ್ಲ, ನಿಜ.

ನಿನಗೆ ಹೇಳಿದರೆ ನೀನು ನಕ್ಕೆ. "ಹೋಗ್ಲಿ ಬಿಡವ್ವಾ, ತಿನ್ನದಿದ್ರ ಅವಳಿಗೇ ನಷ್ಟ" ಎಂದೆ. ಬಿಡುವವಳು ನಾನಲ್ಲ. ಆಮೇಲೆ ತಿನ್ನುತ್ತೇನೆ ಎನ್ನಲು ಬಾರದ ಸಿಹಿ ಯಾವುದಿದೆ ಎಂದು ವರ್ಷವಿಡೀ ಯೋಚಿಸಿದೆ. ಏಪ್ರಿಲ್ ಬಿಸಿಲಿನಲ್ಲಿ ಒಂದು ಮಧ್ಯಾಹ್ನ ನಿನ್ನ ಅಣ್ಣನ ಮಗಳು ಜ್ಯೋತಿ ಫೋನು ನೋಡುತ್ತ ಕೂತಿದ್ದಳು. "ಅಜ್ಜಿ, ಇಲ್ನೋಡು, ಎರಡು ಬಿಸ್ಕೀಟಿನ ನಡುವ ಐಸ್‌ಕ್ರೀಮ್ ಇಡ್ತಾರ. ಸ್ಯಾಂಡ್‌ವಿಚ್ ಅಂತಾರ. ಮನ್ಯಾಗೇ ಮಾಡಬಹುದು. ಆದ್ರ ಲಗೂನ ತಿನ್ನಬೇಕು, ಇಲ್ಲಂದ್ರ ಮೊಣಕೈತನಾ ಇಳೀತೈತಿ" ಎಂದಳು. ಆ ಕೊನೆಯ ಮಾತು ನನಗೆ ಹಿಡಿಸಿತು. ಕೈಗೆ ಕೊಟ್ಟರೆ ತಿನ್ನಬೇಕು, ಇಲ್ಲವೇ ಎಲ್ಲರೆದುರು ಬೇಡ ಎನ್ನಬೇಕು. ನಡುವಿನ ದಾರಿ ಇಲ್ಲ.

ನಿನ್ನ ಅತ್ತಿಗೆ ಸುರೇಖಾ ಮಾತ್ರ ಅನುಮಾನ ಎತ್ತಿದಳು. "ಅತ್ತಿ, ಹಸೀದು ನಡೀತೈತಿ, ಬೇಯಿಸಿದ್ದು ನಡಿಯಲ್ಲ ಅಂತಾರಲ್ಲ ಅವರು. ಐಸು ಯಾವ ಲೆಕ್ಕಕ್ಕ ಬರತೈತ್ರೀ?" ನಾನು, "ಅದನ್ನ ಅವರೇ ಕುಂತು ವಿಚಾರ ಮಾಡ್ಲಿ" ಎಂದೆ.

ಪೂರ್ಣಿಮೆಗೆ ಪಾಯಸ ಆಗಲೇಬೇಕು. ಹಾಗಾಗಿ ಪಾಯಸವನ್ನೇ ಐಸ್‌ಕ್ರೀಮ್ ಮಾಡುವುದೆಂದು ಗೊತ್ತುಮಾಡಿದೆ. ಮೊದಲ ಸಲ ಅನ್ನ ಅನ್ನವಾಗಿಯೇ ಇಟ್ಟೆ. ಹೆಪ್ಪುಗಟ್ಟಿದ ಮೇಲೆ ಬಾಯಿಗೆ ಗರಸಿನ ಕಲ್ಲಿನ ಹಾಗೆ ಸಿಕ್ಕಿತು. ಆಮೇಲೆ ಅಕ್ಕಿ ನೆನೆಸಿ ನುಣ್ಣಗೆ ರುಬ್ಬಿ, ಹಾಲು ಅರ್ಧಕ್ಕೆ ಇಳಿಯುವವರೆಗೆ ಕುದಿಸಿ, ಏಲಕ್ಕಿ, ಸಕ್ಕರೆ, ಕೂಡಿಟ್ಟ ಕೆನೆ ಎಲ್ಲ ಹಾಕಿದೆ. ಜ್ಯೋತಿಯ ಫೋನಿನಲ್ಲಿ ಅದೇನೋ ಯಂತ್ರದಿಂದ ತಿರುವುತ್ತಿದ್ದರು. ನಮ್ಮ ಮನೆಯಲ್ಲಿ ಕಡಗೋಲು ಇದೆ. ಅರ್ಧ ಗಟ್ಟಿಯಾದಾಗ ತೆಗೆದು ಕಡೆಯುವುದು, ಮತ್ತೆ ಇಡುವುದು, ಮತ್ತೆ ಕಡೆಯುವುದು. ನನ್ನ ರಟ್ಟೆ ನೋಯಿತು, ಆದರೆ ಐಸ್‌ಕ್ರೀಮ್ ಬೆಣ್ಣೆಯ ಹಾಗೆ ಆಯಿತು.

ತೊಂದರೆ ಬಂದದ್ದು ಬಿಸ್ಕೀಟಿನಿಂದ. ಮೌಲಾಹುಸೇನನ ಭಟ್ಟಿಗೆ ಹಿಟ್ಟು, ಸಕ್ಕರೆ, ಡಾಲ್ಡಾ ನಾವೇ ಒಯ್ದು ಬಿಸ್ಕೀಟು ಸುಡಿಸಿಕೊಂಡು ಬರುವುದು ನಿನಗೆ ನೆನಪಿರಬೇಕು. ಚಿಕ್ಕವಳಿದ್ದಾಗ ನೀನು ಡಬ್ಬಿಯ ಮೇಲೆ ಕೂತು ಕಾಯುತ್ತಿದ್ದೆ. ಈ ಸಲ ನಾನು ಹೋಗಿ, ಚೌಕ ಮಾಡು, ಮೆತ್ತಗೆ ಮಾಡು ಎಂದೆ. ಅವನಿಗೆ ಅವಮಾನವಾಯಿತು. "ಅಮ್ಮಾರ, ಬಿಸ್ಕೀಟ್ ಅಂದ್ರ ಮುರದ್ರ ಸಪ್ಪಳ ಬರಬೇಕ್ರೀ. ಮೆತ್ತಗ ಮಾಡಿಕೊಟ್ರ ನಮ್ಮ ದುಕಾನದ ಇಜ್ಜತ್ ಏನಾಗಬೇಕು?" ಎಂದ. ಗರಿಗರಿಯಾಗಿಯೇ ಕೊಟ್ಟು ಕಳಿಸಿದ.

ಅದರ ನಡುವೆ ಐಸ್‌ಕ್ರೀಮ್ ಇಟ್ಟು ಒಂದು ತಾಸು ಬಿಟ್ಟು ನಿನ್ನ ಅಪ್ಪನಿಗೆ ಕೊಟ್ಟೆ. ಕಚ್ಚಿದರು. ಹಲ್ಲಿನ ಸೆಟ್ಟು ಬಿಸ್ಕೀಟಿನಲ್ಲಿ ಉಳಿಯಿತು, ಬಾಯಿ ಮಾತ್ರ ಹಿಂದಕ್ಕೆ ಬಂತು. ಜ್ಯೋತಿ ಉರುಳಾಡಿ ನಕ್ಕಳು. ನಿನ್ನ ಅಪ್ಪ ಸೆಟ್ಟು ತೊಳೆದು ಹಾಕಿಕೊಂಡು, "ರುಚಿ ಐತಿ. ಆದ್ರ ಸುತ್ತಿಗಿ ಕೊಟ್ಟು ಕಳಸು" ಎಂದರು.

ಗರಿಗರಿ ರೊಟ್ಟಿಯನ್ನು ಮೆತ್ತಗೆ ಮಾಡಲು ನಾವು ಏನು ಮಾಡುತ್ತೇವೆ? ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡುತ್ತೇವೆ. ಬಿಸ್ಕೀಟಿಗೂ ಅದೇ ಮಾಡಿದೆ. ಬಟ್ಟೆ ಬಿಚ್ಚಿದರೆ ಬಿಸ್ಕೀಟು ಇಲ್ಲ, ಅಂಬಲಿ ಇದೆ. ಸುರೇಖಾ ತುಟಿ ಬಿಗಿಹಿಡಿದು ನಿಂತಿದ್ದಳು. "ನಗಬೇಕನಿಸಿದ್ರ ನಕ್ಕಬಿಡವ್ವಾ, ಹೊಟ್ಟಿ ನೋಯಿಸ್ಕೋಬ್ಯಾಡ" ಎಂದ ಮೇಲೆ ಅವಳೂ ಶುರುಮಾಡಿದಳು. ನಾನೂ ನಕ್ಕೆ ಎಂದು ನಿನಗೆ ಮಾತ್ರ ಬರೆಯುತ್ತಿದ್ದೇನೆ.

ದಾರಿ ತಾನಾಗಿಯೇ ಸಿಕ್ಕಿತು. ಕಲ್ಲಾಗಿದ್ದ ಮೊದಲಿನವುಗಳಲ್ಲಿ ಒಂದು ಫ್ರಿಜ್ಜಿನ ಮೂಲೆಯಲ್ಲಿ ಮರೆತು ಉಳಿದಿತ್ತು. ಎರಡು ದಿನ ಬಿಟ್ಟು ಚಾಕು ಹಾಕಿದರೆ ಕೇಕಿನ ಹಾಗೆ ಇಳಿಯಿತು. ಬಿಸ್ಕೀಟು ಐಸ್‌ಕ್ರೀಮಿನ ಪಸೆಯನ್ನು ತಾನೇ ನಿಧಾನ ಹೀರಿಕೊಂಡಿತ್ತು. ಅವಸರ ಮಾಡಿದ್ದೇ ತಪ್ಪು. ಮೌಲಾಹುಸೇನನ ಇಜ್ಜತ್ತೂ ಉಳಿಯಿತು, ನಿನ್ನ ಅಪ್ಪನ ಹಲ್ಲೂ ಉಳಿಯಿತು. ಪೂರ್ಣಿಮೆಗೆ ಎರಡು ದಿನ ಮೊದಲೇ ಎಲ್ಲ ಜೋಡಿಸಿ, ಕಾಗದ ಸುತ್ತಿ, ಸ್ಟೀಲಿನ ಡಬ್ಬಿಗಳಲ್ಲಿ ತುಂಬಿಟ್ಟೆವು.

ಪೂರ್ಣಿಮೆಯ ಮಧ್ಯಾಹ್ನ ಕರೆಂಟಿನ ಒಂದು ಫೇಜ್ ಹೋಯಿತು. ನಮ್ಮ ಕಡೆಯ ಮನೆಗಳಿಗೆ ಇಲ್ಲ, ಗ್ಯಾನಮ್ಮನಿಗೆ ಇದೆ. ರಜೆಯಲ್ಲೂ ಮಸ್ಕಿಯ ಶಾಲೆಯಲ್ಲಿ ಫೇಲಾದವರಿಗೆ ಕ್ಲಾಸು ತೆಗೆದುಕೊಂಡು ಬಂದ ನಿನ್ನ ಅಣ್ಣ ಅನಿಲಕುಮಾರ ಬೂಟು ಸಹ ಬಿಚ್ಚದೆ ಲೈನ್‌ಮನ್‌ನನ್ನು ಹುಡುಕಲು ಹೋದ. ನಾನು ಫ್ರಿಜ್ಜಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ, ಯಾರೂ ತೆರೆಯಬಾರದೆಂದು. ಮುಖದಿಂದ ಬೆವರು ಸುರಿಯುತ್ತಿತ್ತು. ಆಗ ಕಂಪೌಂಡಿನ ಆಚೆಯಿಂದ ಗ್ಯಾನಮ್ಮನ ದನಿ ಬಂತು. "ಅಕ್ಕಾರ, ಏನ್ ನಿಂತೀರಿ? ನೀರಾದ ಮ್ಯಾಲ ತರ್ತೀರೇನು? ನಮ್ಮ ಫ್ರಿಜ್ಜಿನಾಗ ಇಡ್ರಿ, ಲಗೂ ತರ್ರಿ!"

ಅವಳೇ ಹಿತ್ತಲ ಬಾಗಿಲಿಗೆ ಬಂದು ಡಬ್ಬಿಗಳನ್ನು ಇಸಿದುಕೊಂಡಳು. ತನ್ನ ಫ್ರಿಜ್ಜಿನಲ್ಲಿದ್ದ ಐಸಿನ ತಟ್ಟೆ, ಕೊಬ್ಬರಿ ಎಲ್ಲ ಹೊರಗೆ ತೆಗೆದು ಜಾಗ ಮಾಡಿದಳು. ಹಿತ್ತಲಿನಿಂದ ಯಾಕೆ ಎಂದರೆ ಮುಂದೆ ಪಡಸಾಲೆಯಲ್ಲಿ ಅವಳ ಅತ್ತೆ ಯಂಕಮ್ಮ ಕೂತಿದ್ದಳು. ಆದರೂ ನನ್ನ ಕಣ್ಣು ತುಂಬಿತು. ನಮ್ಮ ಮನೆಯಲ್ಲಿ ಬೆಂದ ಪಾಯಸ ಅವರ ಹಾಲು ಮೊಸರಿನ ಪಕ್ಕ ಕೂತಿತು. ಇಂಥದನ್ನು ನನ್ನ ಅವ್ವ ಕಂಡಿರಲಿಲ್ಲ.

ಸಂಜೆ ಅಂಗಳ ತುಂಬಿತು. ಬುದ್ಧನ ಮುಂದೆ ತ್ರಿಶರಣ ಹೇಳಿ ಮುಗಿದ ಮೇಲೆ ಜ್ಯೋತಿ, ಸುರೇಖಾ ಹಂಚಿದರು. ಐದು ನಿಮಿಷ ಯಾರೂ ಮಾತಾಡಲಿಲ್ಲ. ಮಾತಾಡಿದರೆ ಸೋರುತ್ತದಲ್ಲ. ದೊಡ್ಡ ದೊಡ್ಡ ಆಫೀಸರುಗಳು ಮೊಣಕೈ ನೆಕ್ಕುವುದನ್ನು ನೋಡಿದೆ. ವಳಕಮದಿನ್ನಿಯಿಂದ ಬಂದಿದ್ದ ನಿಮ್ಮ ಕನಕರಾಯ ಕಾಕ ಎರಡು ತಿಂದು, "ಅತ್ತಿಗೆಮ್ಮ, ಒಂದು ಕಟ್ಟಿಕೊಡು, ಮೊಮ್ಮಗಗ ಒಯ್ತೀನಿ" ಎಂದ.

"ಬಸ್ಸಿನಾಗ ಹಾಲಾಗಿ ಹೊಕ್ಕೈತೋ ಮಾರಾಯ."

"ಹಾಲಾದ್ರ ಕುಡೀತಾನ ತಗೋ. ಹಾಲು ಒಲ್ಲೆ ಅನ್ನಾಂವಲ್ಲ ಅಂವ."

ಕೊನೆಗೆ ತಂಬಿಗೆಯಲ್ಲಿ ಹಾಕಿಸಿಕೊಂಡೇ ಹೋದ.

ಗ್ಯಾನಮ್ಮ ತಿಂದಳೋ ಇಲ್ಲವೋ ಎಂದು ಕೇಳುತ್ತಿದ್ದೀಯಲ್ಲ. ತಿಂದಳು. ನಾನೇ ಕಣ್ಣಾರೆ ನೋಡಿದೆ. ಪೂರ್ತಿ ತಿಂದಳು, ಕಾಗದಕ್ಕೆ ಅಂಟಿದ್ದನ್ನೂ ಬಿಡಲಿಲ್ಲ. "ಏಲಕ್ಕಿ ಎಷ್ಟ್ ಹದಕ್ಕ ಬಿದ್ದೈತ್ರೀ ಅಕ್ಕಾರ" ಎಂದಳು. ಆದ್ದರಿಂದ "ಅವಳು ಏನಾದ್ರೂ ನೆವ ತೆಗೀತಾಳ" ಎಂದಿದ್ದ ನಿನ್ನ ಮಾತು ಸುಳ್ಳಾಯಿತು.

ನೀನು ಆಸ್ಪತ್ರೆಯಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣು. ಬೇರೆಯವರಿಗೆ ಗುಳಿಗೆ ಕೊಡುವವಳು ತಾನು ಉಪವಾಸ ಇರುವುದು ಶೋಭೆಯಲ್ಲ. ಬಿಸಿಲಿನಲ್ಲಿ ತಲೆಗೆ ಸೆರಗೋ ದುಪ್ಪಟ್ಟಾವೋ ಹಾಕಿಕೊಂಡು ನಡೆ. ಎಲ್ಲಿ ಹೋದರೂ ತಲೆ ಎತ್ತಿ ನಡೆ. ನಿನಗೆ ಒಳ್ಳೆಯದಾಗಲಿ, ನಿನ್ನ ಕೈಯಿಂದ ನಾಲ್ಕು ಜನಕ್ಕೆ ಒಳ್ಳೆಯದಾಗಲಿ.

ನಿನ್ನ ಅವ್ವ,
ಪದ್ಮಾವತಿ ಹುಸೇನಪ್ಪ

ತಾ.ಕ.: ಪತ್ರ ಮಡಿಚಿದ್ದೆ, ಮತ್ತೆ ಬಿಚ್ಚಿದೆ. ತಿಂದಳು ಎಂದು ಬರೆದೆ, ಎಲ್ಲಿ ಎಂದು ಬರೆಯಲಿಲ್ಲ. ಸಂಜೆ ಡಬ್ಬಿ ತರಲು ನಾನೇ ಅವಳ ಹಿತ್ತಲಿಗೆ ಹೋದಾಗ ಗ್ಯಾನಮ್ಮ ಫ್ರಿಜ್ಜಿನ ಬಾಗಿಲ ಮರೆಯಲ್ಲಿ ನಿಂತು ತಿನ್ನುತ್ತಿದ್ದಳು. ನನ್ನನ್ನು ಕಂಡು ಹೆದರಿ, ಪಡಸಾಲೆಯ ಕಡೆಯ ಕದಕ್ಕೆ ಚಿಲಕ ಹಾಕಿದಳು. "ನಮ್ಮತ್ತಿಗಿ ಹೇಳಬ್ಯಾಡ್ರೀ ಅಕ್ಕಾರ" ಎಂದಳು. ಏಲಕ್ಕಿಯ ಮಾತನ್ನೂ ಅಲ್ಲೇ, ಪಿಸುದನಿಯಲ್ಲಿ ಹೇಳಿದ್ದು. ಆಮೇಲೆ ಬಾಯಿ ತೊಳೆದು, ಒಳ್ಳೆಯ ಸೀರೆ ಉಟ್ಟು, ನಮ್ಮ ಅಂಗಳಕ್ಕೆ ಬಂದು ಕುರ್ಚಿಯ ಮೇಲೆ ಕೂತಳು. ಜ್ಯೋತಿ ಕೈಗೆ ಕೊಡಲು ಹೋದರೆ ಎಲ್ಲರೆದುರು, "ಒಲ್ಲೆ ಬೇ ತಂಗಿ, ನನಗ ಹಲ್ಲು ಜುಂ ಅಂತಾವ" ಎಂದಳು. ಜ್ಯೋತಿ ನಂಬಿದಳು. ನಾನು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಯಂಕಮ್ಮನ ಬಾಯಿ ಎಂಥದೆಂದು ನನಗೂ ಗೊತ್ತು, ಆ ಮನೆಯಲ್ಲಿ ಇರಬೇಕಾದವಳು ಗ್ಯಾನಮ್ಮ.

ಆದರೂ ಯಶೋಧರಾ, ಉಂಡೆಯನ್ನು ಗಾಳೆಮ್ಮನಿಗೆ ಸುರುವಿದಾಗ ಇಷ್ಟು ನೋವಾಗಿರಲಿಲ್ಲ. ಆಗ ಅವಳಿಗೆ ನನ್ನ ಕೈಯ ರುಚಿ ಗೊತ್ತಿರಲಿಲ್ಲ. ಈಗ ಗೊತ್ತಿದೆ.

ಇವತ್ತು ಬೆಳಿಗ್ಗೆ ಅವಳು ಕಂಪೌಂಡಿನ ಹತ್ತಿರ ಬಂದು, "ಒಂದಾರ ಉಳದೈತೇನ್ರೀ?" ಎಂದು ಮೆಲ್ಲಗೆ ಕೇಳಿದಳು. ಉಳಿದಿದೆ ಎಂದೆ. ಗೋಡೆಯ ಮೇಲಿಂದ ಕೈ ಚಾಚಿದಳು. ನಾನು ಕೊಡಲಿಲ್ಲ. "ಮುಂದಿನ ಬಾಗಲದಿಂದ ಬಾ ಗ್ಯಾನಮ್ಮ, ನಮ್ಮ ಪಡಸಾಲ್ಯಾಗ ಕುಂದ್ರು, ತಿನ್ನು. ನಾ ನೀರು ತಂದಿಡ್ತೀನಿ" ಎಂದೆ. ಅವಳು ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡು ಒಳಗೆ ಹೋದಳು.

ಇನ್ನೂ ಬಂದಿಲ್ಲ. ಅದನ್ನು ಬೇರೆ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿ ಇಟ್ಟಿದ್ದೇನೆ. ಮುಟ್ಟಬೇಡಿ ಎಂದು ನಿನ್ನ ಅಪ್ಪನಿಗೂ ಜ್ಯೋತಿಗೂ ಹೇಳಿಯಾಗಿದೆ. ಮುಂದಿನ ವಾರ ಶನಿವಾರ ನೀನು ಬಂದರೆ ಬೇರೆ ಮಾಡಿಕೊಡುತ್ತೇನೆ. ಅದನ್ನು ಮಾತ್ರ ಕೇಳಬೇಡ.