ನಮ್ಮವ್ವ ಎಲ್ಲಿ ಚಪ್ಪಲಿ ಬಿಡಬೇಕು?

ಮಾನ್ಯ ಕಾರ್ಯಪಾಲಕ ಎಂಜಿನಿಯರರೇ,

ನಮ್ಮ ಕೇರಿಯ ಸ್ಮಶಾನದ ಮಣ್ಣನ್ನು ತೋಡಿಸಿ ನಿಮ್ಮ ಹೊಸ ರಸ್ತೆಗೆ ಸುರಿಸಿದ್ದೀರಿ. ಆ ಮಣ್ಣಿನಲ್ಲಿ ನನ್ನ ಅಪ್ಪ ಇದ್ದ. ಅದನ್ನು ರಸ್ತೆಯ ಯಾವ ಭಾಗಕ್ಕೆ ಹಾಕಿಸಿದಿರಿ ಎಂದು ಕೇಳಿ ಅರ್ಜಿ ಕೊಟ್ಟರೆ, ಒಬ್ಬ ಮನುಷ್ಯನ ಸುಳಿವೂ ಇಲ್ಲದ ನಾಲ್ಕು ಇಂಗ್ಲಿಷ್ ವಾಕ್ಯಗಳನ್ನು ಕಳುಹಿಸಿದ್ದೀರಿ. ಮುಚ್ಚಿದ ಲಕೋಟೆಯಲ್ಲಿ ಕೇಳಿದ್ದಕ್ಕೆ ಸಿಕ್ಕ ಮರ್ಯಾದೆ ಇಷ್ಟಾದ್ದರಿಂದ ಈಗ ಎಲ್ಲರೂ ಓದುವಂತೆ ಕೇಳುತ್ತಿದ್ದೇನೆ.

ನಿಮ್ಮ ಉತ್ತರ ಹೀಗಿತ್ತು. 'ಸೈಟ್ ವಾಸ್ ಇನ್‌ಸ್ಪೆಕ್ಟೆಡ್. ನೋ ಗ್ರೇವ್ಸ್ ವರ್ ಫೌಂಡ್. ಅರ್ಥ್ ವಾಸ್ ಯುಟಿಲೈಸ್ಡ್ ಫಾರ್ ಪಬ್ಲಿಕ್ ಪರ್ಪಸ್. ಇನ್‌ಕನ್ವೀನಿಯನ್ಸ್ ಕಾಸ್ಡ್ ಈಸ್ ರಿಗ್ರೆಟೆಡ್.' ಅಂದರೆ ಸ್ಥಳ ಪರಿಶೀಲಿಸಲ್ಪಟ್ಟಿತು, ಸಮಾಧಿಗಳು ಕಂಡುಬರಲಿಲ್ಲ, ಮಣ್ಣು ಸಾರ್ವಜನಿಕ ಉದ್ದೇಶಕ್ಕೆ ಬಳಸಲ್ಪಟ್ಟಿತು, ಆದ ಅನಾನುಕೂಲಕ್ಕೆ ವಿಷಾದಿಸಲಾಗಿದೆ. ನಾನು ಮದ್ದೂರು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಮೇಡಂ. ವರ್ಷ ವರ್ಷವೂ ಈ ಪ್ಯಾಸಿವ್ ವಾಯ್ಸ್, ಅಂದರೆ ಕರ್ಮಣಿ ಪ್ರಯೋಗದ ಪಾಠವನ್ನೇ ಮಾಡುವವಳು. ನಿಮ್ಮ ವಾಕ್ಯಗಳಲ್ಲಿ ವ್ಯಾಕರಣದ ತಪ್ಪು ಒಂದೂ ಇಲ್ಲ ಸ್ವಾಮಿ. ನನ್ನ ಹೊಟ್ಟೆ ಉರಿಸಿದ್ದು ಅದೇ.

ಕೆಲಸ ಮಾಡಿದವರು ಯಾರೆಂದು ಗೊತ್ತಿಲ್ಲದಿದ್ದಾಗ ಪ್ಯಾಸಿವ್ ಬರೆಯಿರಿ ಎಂದು ಮಕ್ಕಳಿಗೆ ಹೇಳುತ್ತೇನೆ. 'ಸೈಕಲ್ ಕಳುವಾಯಿತು' ಅನ್ನಬಹುದು, ಕಳ್ಳನ ಹೆಸರು ನಮಗೆ ಗೊತ್ತಿಲ್ಲ. ಯಾರು ಮಾಡಿದರೂ ಒಂದೇ ಎನ್ನುವಾಗಲೂ ಬರೆಯಬಹುದು. ಕಬ್ಬನ್ನು ಅರೆಯಲಾಗುತ್ತದೆ, ಬೆಲ್ಲವನ್ನು ಕಾಯಿಸಲಾಗುತ್ತದೆ, ಅಲ್ಲಿ ಆಲೆಮನೆಯವನ ಹೆಸರು ಯಾರಿಗೂ ಬೇಕಿಲ್ಲ. ಈ ವರ್ಷ ದೀಪಿಕ ಎಂಬ ಹುಡುಗಿ ಎದ್ದು ನಿಂತು, "ಮಿಸ್, ಯಾರ್ ಮಾಡುದ್ರು ಅಂತ ಗೊತ್ತಿದ್ದು, ಏಳಕ್ಕೆ ಇಷ್ಟ ಇಲ್ದೆ ಇದ್ರೆ?" ಎಂದಳು. ತರಗತಿ ನಕ್ಕಿತು, ನಾನೂ ನಕ್ಕೆ. ನಿಮ್ಮ ಉತ್ತರ ಬಂದ ಮೇಲೆ ಆ ಪ್ರಶ್ನೆಗೆ ನಗು ಬರುತ್ತಿಲ್ಲ.

ನಮ್ಮ ಊರು ಮಳವಳ್ಳಿ ತಾಲ್ಲೂಕಿನಲ್ಲಿ, ಪೂರಿಗಾಲಿಯ ಕಡೆ ಇದೆ. ಜಮೀನು ಉಳ್ಳವರು ತಮ್ಮ ಹಿರಿಯರನ್ನು ತಮ್ಮ ತೋಟದಲ್ಲೇ ಮಣ್ಣು ಮಾಡಿ ಗ್ರಾನೈಟು ಹಾಕಿಸುತ್ತಾರೆ. ನಮ್ಮ ಕೇರಿಯವರಿಗೆ ಇದ್ದದ್ದು ಊರಾಚೆಯ ಕೆಂಪು ದಿಬ್ಬ. ಅಲ್ಲಿ ಯಾವ ಗುಡ್ಡೆಯ ಮೇಲೂ ಹೆಸರಿಲ್ಲ. ಒಬ್ಬರು ತುಳಸಿ ನೆಡುತ್ತಾರೆ, ಒಬ್ಬರು ಮೂರು ಕಲ್ಲು ಇಡುತ್ತಾರೆ, ಯಾರದು ಯಾವುದೆಂದು ಅವರವರ ಮನೆಗೆ ಗೊತ್ತು. ಅಪ್ಪ ಚೌಡಯ್ಯ ತೀರಿಕೊಂಡು ಮೂರನೇ ದಿನ ಹಾಲು ತುಪ್ಪ ಬಿಟ್ಟು, ಅವ್ವ ತಲೆಯ ಕಡೆಗೆ ಒಂದು ಕಣಗಿಲೆ ನೆಟ್ಟಳು. ಅದು ಚಿಗುರಿತ್ತು. ಗಿಡ, ಕಲ್ಲುಗಳ ಮೇಲೆ ಹೆಸರು ಬರೆದಿಲ್ಲವಾದ್ದರಿಂದ ನಿಮ್ಮ ಕಚೇರಿಗೆ ಸಮಾಧಿಗಳು ಕಂಡುಬರಲಿಲ್ಲ. ಆದರೆ ತೋಟದಲ್ಲಿ ಗ್ರಾನೈಟು ಅಡ್ಡ ಬಂದ ಕಡೆಯೆಲ್ಲ ನಿಮ್ಮ ರಸ್ತೆ ಬಹಳ ಗೌರವದಿಂದ ಸೊಂಟ ತಿರುಗಿಸಿದೆ. ಅಲ್ಲಿ ಕಣ್ಣು ಕಂಡದ್ದು ಹೇಗೆ?

ಅವತ್ತು ಕೊತ್ತತ್ತಿಯಲ್ಲಿ ನಮ್ಮ ಕೇರಿಯ ಹುಡುಗಿಯ ಬೀಗರ ಔತಣ. ನಡೆಯಲಾಗದವರನ್ನು ಬಿಟ್ಟು ಕೇರಿಗೆ ಕೇರಿಯೇ ಬಸ್ಸು ಹತ್ತಿತ್ತು. ಸಂಜೆ ಬಂದು ನೋಡಿದರೆ ದಿಬ್ಬದ ಜಾಗದಲ್ಲಿ ದೊಡ್ಡ ಹಳ್ಳ. ನನ್ನ ತಮ್ಮ ಮಹದೇವು ಉಟ್ಟ ಬಟ್ಟೆಯಲ್ಲೇ ಓಡಿಹೋಗಿ ಜೆಸಿಬಿಯವನ ಕೊರಳಪಟ್ಟಿ ಹಿಡಿದ. "ಯಾರ್ಲಾ ನಿಂಗೆ ಏಳುದ್ದು?" ಎಂದು ಕೇಳಿದ. ಆತ, "ತೋಡಿದ್ದು ನಾನೇ ಕಣಣ್ಣ. ಸಾಹೇಬ್ರು ಇಲ್ಲೇ ನಿಂತ್ಕಂಡ್ ತೋರ್ಸುದ್ರು. ಟಿಪ್ಪರ್ನೋರ್ಗೂ ಎಲ್ಲೆಲ್ ಸುರೀಬೇಕು ಅಂತ ಅವ್ರೇ ಏಳ್ತಿದ್ರು" ಎಂದ. ಆ ಸಾಹೇಬರು ನೀವು. ನಿಮ್ಮ ಜೀಪನ್ನು, ತಲೆಯ ಮೇಲಿನ ಬಿಳಿ ಟೋಪಿಯನ್ನು, ಕೇರಿಯಲ್ಲಿ ಉಳಿದಿದ್ದ ಮುದುಕರೂ ನೋಡಿದ್ದಾರೆ. ಗೊತ್ತಿಲ್ಲದ ಕಳ್ಳನಿಗೆ ಸಲ್ಲುವ ವ್ಯಾಕರಣವನ್ನು ಹಾಡಹಗಲಲ್ಲಿ ಕೈ ತೋರಿಸಿದ ನೀವು ಬಳಸಿದ್ದು ಯಾವ ನ್ಯಾಯ?

ನಿಮ್ಮ ಉತ್ತರವನ್ನು ಓದಿ ಹೇಳು ಎಂದು ಅವ್ವ ಕೂತಳು. ನನ್ನ ಅವ್ವ ಸೋಮಮ್ಮ, ಮನೆಯಲ್ಲಿ ಮಡಕೆ ಒಡೆದುಹೋಯಿತು ಎಂದರೆ, "ತಾನೇ ಒಡ್ಕತಾ? ಮಡ್ಕೆಗೆ ಕಾಲ್ ಬಂದಿತ್ತಾ?" ಎಂದು ಕೇಳಿ ನಮ್ಮನ್ನು ಬೆಳೆಸಿದವಳು. ನಾನು ಕನ್ನಡ ಮಾಡುತ್ತಾ ಹೋದೆ.

"ಜಾಗ ನೋಡವ್ರಂತೆ ಕಣವ್ವ."

"ಯಾರ್ ಬಂದಿದ್ರು ನೋಡಕ್ಕೆ?"

"ಬರ್ದಿಲ್ಲ."

"ಮಣ್ಣ ಎತ್ಲಾಗ್ ಆಕುದ್ರಂತೆ?"

"ಅದ್ನೂ ಬರ್ದಿಲ್ಲ. ಬೇಜಾರಾಗದೆ ಅಂತ ಬರ್ದವ್ರೆ."

"ಯಾರ್ಗೆ?"

ಮೇಡಂ ಆದ ನಾನು ಕಾಗದ ತಿರುಗಿಸಿ ಹಿಂಬದಿಯನ್ನೂ ನೋಡಿದೆ. ಅವ್ವ, "ಬುಡು, ಆ ಕಾಗ್ದದೊಳ್ಗೆ ಯಾರೂ ಇಲ್ಲ" ಎಂದು ಎದ್ದು ರೇಷ್ಮೆ ಹುಳುವಿಗೆ ಸೊಪ್ಪು ಹಾಕಲು ಹೋದಳು.

ಇಲ್ಲಿಂದ ಮುಂದಿನದನ್ನು ದಯವಿಟ್ಟು ನಿಧಾನವಾಗಿ ಓದಿ. ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಹಿಪ್ಪುನೇರಳೆ ತೋಟ ಇರುವುದು ನಿಮ್ಮ ರಸ್ತೆಯ ಆ ತುದಿಯಲ್ಲಿ. ಬೆಳಿಗ್ಗೆ ಮತ್ತು ಮಧ್ಯಾಹ್ನ ಅವ್ವ ಅಲ್ಲಿಂದ ಸೊಪ್ಪು ತರಬೇಕು. ರಸ್ತೆಗೆ ಟಾರು ಬಿದ್ದ ದಿನದಿಂದ ಅವಳು ಊರಬಾಗಿಲಲ್ಲಿ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿಯುತ್ತಾಳೆ. ತಲೆಯ ಮೇಲೆ ಸೊಪ್ಪಿನ ಹೊರೆ, ಕೆಳಗೆ ಬೇಸಿಗೆಯ ಟಾರು. ಅಂಗಾಲು ಬೊಬ್ಬೆ ಎದ್ದು ಒಡೆದಿದೆ. ರಜೆಗೆಂದು ಹೋದ ನಾನು ಅದನ್ನು ನೋಡಿ ಅತ್ತು, ಚಪ್ಪಲಿ ಹಾಕಿಕೋ ಎಂದು ಗದರಿದೆ. "ನಿಮ್ಮಪ್ಪ ಎಲ್ಲವ್ರೆ ಅಂತ ಏಳು ಮಗಾ, ಅಲ್ಲಿ ಮಾತ್ರ ಬುಡ್ತೀನಿ" ಎಂದಳು ಅವ್ವ. "ಗೊತ್ತಿಲ್ದಿದ್ ಮೇಲೆ ದಾರಿಯೆಲ್ಲಾ ಅವ್ರೇಯ. ತುಳ್ಕಂಡ್ ಓಡಾಡಕ್ಕಾದದಾ?"

ನಿಮ್ಮ ಕಚೇರಿಗೂ ಬಂದಿದ್ದೆ. ಮಣ್ಣು ಎಲ್ಲಿಗೆ ಹಾಕಿದ್ದು ಎಂದರೆ ಗುಮಾಸ್ತರು, "ಉತ್ತರದಲ್ಲಿ ತಿಳಿಸಲಾಗಿದೆಯಲ್ಲ ಮೇಡಂ" ಎಂದರು. ಸಾಹೇಬರೆಲ್ಲಿ ಎಂದರೆ, "ಸಭೆಗೆ ತೆರಳಲಾಗಿದೆ" ಎಂದರು. ಬಾಯಿಮಾತಿಗೂ ಆ ರೋಗ ಅಂಟಿದೆ. ಮಧ್ಯಾಹ್ನ ನಿಮ್ಮ ಮನೆಯಲ್ಲಿ ಊಟ ಮಾಡಲ್ಪಡುತ್ತದೆಯೇ, ಕೈ ತೊಳೆಯಲ್ಪಡುತ್ತದೆಯೇ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ವಾಪಸು ಬರುವಾಗ ಅದೇ ರಸ್ತೆಯ ಆರಂಭದಲ್ಲಿ ನೆಟ್ಟಿರುವ ಉದ್ಘಾಟನೆಯ ಕಲ್ಲು ನೋಡಿದೆ. ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಉಪಸ್ಥಿತರಿದ್ದವರು ಎಂದು ಹೆಸರುಗಳು ಜಾಗ ಸಾಲದೆ ಒಂದರ ಮೇಲೊಂದು ಬಿದ್ದಿವೆ. ಕೆಳಗೆ ನಿಮ್ಮದೂ ಇದೆ, ಪದವಿಯ ಸಮೇತ. ಹಾರ ಹಾಕಿಸಿಕೊಳ್ಳುವಾಗ ಮಾಡಿದವರು ಇದ್ದಾರೆ, ಲೆಕ್ಕ ಕೇಳಿದಾಗ ಎಲ್ಲವೂ ತಾನಾಗಿ ಆಗಿದೆ. ಇದಕ್ಕೆ ನಮ್ಮ ಕಡೆ ಮಾತಿದೆ, ಆದರೆ ನಾನು ಶಾಲೆಯವಳು, ಬರೆಯುವ ಹಾಗಿಲ್ಲ.

ಸರ್ಕಾರಿ ನೌಕರಳು ಹೀಗೆ ಬಹಿರಂಗವಾಗಿ ಬರೆದರೆ 'ಶಿಸ್ತುಕ್ರಮ ಕೈಗೊಳ್ಳಲಾಗುವುದು' ಎಂಬ ಇನ್ನೊಂದು ಕಾಗದ ಬರಬಹುದು. ಬರಲಿ. ಕೈಗೊಳ್ಳುವವರು ಯಾರೆಂದು ಅದರಲ್ಲಾದರೂ ಬರೆಯಿರಿ. ಈ ಪತ್ರವಂತೂ ಬರೆಯಲ್ಪಟ್ಟದ್ದಲ್ಲ, ನಾನು ಬರೆದದ್ದು.

ನಾನು ಪರಿಹಾರ ಕೇಳುತ್ತಿಲ್ಲ. ರಸ್ತೆ ಅಗೆದು ಅಪ್ಪನನ್ನು ವಾಪಸು ಕೊಡಿ ಎಂದೂ ಕೇಳುತ್ತಿಲ್ಲ, ಅದು ಆಗದ ಮಾತೆಂದು ಅವ್ವನಿಗೂ ಗೊತ್ತು. ನನಗೆ ಬೇಕಾದ್ದು 'ನಾನು' ಎಂದು ಶುರುವಾಗುವ ಒಂದು ವಾಕ್ಯ. 'ಆ ದಿಬ್ಬದ ಮಣ್ಣನ್ನು ನಾನು ಈ ಮೋರಿಯಿಂದ ಆ ತಿರುವಿನ ತನಕ ಹಾಕಿಸಿದೆ.' ಅಷ್ಟು ಸಾಕು. ಇಂಗ್ಲಿಷಿನಲ್ಲಾದರೂ ಸರಿ, ಕನ್ನಡದಲ್ಲಾದರೂ ಸರಿ, ತಪ್ಪಿದ್ದರೂ ಪೂರ್ತಿ ಅಂಕ ಕೊಡುತ್ತೇನೆ. ಆ ಮೋರಿಯ ಬಳಿ ಅವ್ವ ಚಪ್ಪಲಿ ಬಿಟ್ಟು ಕೈಯಲ್ಲಿ ಹಿಡಿಯುತ್ತಾಳೆ, ಆ ಬದಿಯಲ್ಲಿ ಒಂದು ಕಣಗಿಲೆ ನೆಡುತ್ತಾಳೆ, ತಿರುವು ದಾಟಿದ ಮೇಲೆ ಚಪ್ಪಲಿ ಮೆಟ್ಟಿಕೊಂಡು ತೋಟಕ್ಕೆ ಹೋಗುತ್ತಾಳೆ. ಅಲ್ಲಿಯವರೆಗೆ, ನಿಮ್ಮ ಜೀಪಿನ ಮುಂದೆ ಸೊಪ್ಪು ಹೊತ್ತು, ಚಪ್ಪಲಿ ಕೈಯಲ್ಲಿ ಹಿಡಿದು ನಿಧಾನವಾಗಿ ನಡೆಯುವ ಮುದುಕಿ ಸಿಕ್ಕರೆ ಹಾರ್ನ್ ಹೊಡೆಯಬೇಡಿ. ಅವಳು ಗಂಡನ ಮೇಲೆ ಕಾಲಿಡುತ್ತಿದ್ದಾಳೆ.

ಇಂತಿ,
"ಇಂಗ್ಲೀಸ್ ಕಲ್ತ್ಕೋ ಮಗಾ, ಆಮೇಲೆ ಯಾವ ಆಪೀಸ್ನೋನೂ ನಮ್ಗೆ ಕತೆ ಏಳಕಾಗಲ್ಲ" ಎಂದು ಅಪ್ಪ ನಂಬಿ ಓದಿಸಿದ,
ಈಗ ಇಂಗ್ಲಿಷಿನಲ್ಲಿ ಅಪ್ಪನನ್ನೇ ಹುಡುಕುತ್ತಿರುವ,
ಚೌಡಯ್ಯನ ಮಗಳು ಸುನಿತಾ