ಹಾಡಹಗಲ ಕಂದೀಲು

ಉಸ್ತಾದರೇ,

ನಿಮ್ಮ ಶರಣಪ್ಪ ಬರೀಲಿಕತ್ತೀನ್ರಿ. ಸಲಾಂ ಅನ್ಲೋ, ಶರಣು ಅನ್ಲೋ? ನೀವಿದ್ದಾಗ ನಾ ಸಲಾಂ ಅಂದ್ರ ನೀವು ಶರಣು ಶರಣು ಅಂತ ನಗ್ತಿದ್ರಿ. ಏಳು ವರ್ಷ ಆತು, ನಿಮಗ ಒಂದು ಅಕ್ಷರ ಬರೀಲಿಕ್ಕ ಧೈರ್ಯ ಬರಲಿಲ್ಲ. ಇವತ್ತೂ ಬಂದಿಲ್ಲ, ಖರೇ ಹೇಳ್ತೇನಿ. ಮಟಮಟ ಮಧ್ಯಾಹ್ನ ಬಾಗಿಲಾ, ಕಿಡಕಿ ಎರಡೂ ಹಾಕ್ಕೊಂಡು ಬೆವರು ಒರಸ್ಕೋತ ಕುಂತೀನಿ. ಹೊರಗ ಯಾರರ ಕೆಮ್ಮಿದ್ರ ಕಾಗದದ ಮ್ಯಾಲ ಅಂಗೈ ಮುಚ್ತೇನಿ.

ಹೋದ ವಾರ ಹೈದರಾಬಾದಿನಿಂದ ಒಬ್ಬ ಸಾಹೇಬರು ನಮ್ಮ ಸಾಲಿಗೆ ಬಂದಿದ್ರು. ನಾನೀಗ ಬೀದರದಾಗ ಡ್ರಾಯಿಂಗ್ ಮಾಸ್ತರ ಇದ್ದೀನ್ರಿ, ಊರ ಅಂಚಿನ ಚಿದ್ರಿಯೊಳಗ ಒಂದು ಖೋಲಿ ಹಿಡದೀನಿ. ಅವರು ನನ್ನ ಹೊಸ ಚಿತ್ರದ ಮುಂದ ನಿಂತುಬಿಟ್ರು. ಎಲ್ಲಾ ಕರಿ. ಕರಿ ಒಳಗ ಬಿಳಿ ಬೇರು, ಮ್ಯಾಲಿಂದ ತಲಿಕೆಳಗಾಗಿ ಜೋತುಬಿದ್ದ ಬೇವಿನ ಟೊಂಗಿ, ಎತ್ತರದಾಗ ರೊಟ್ಟಿಯಷ್ಟು ದುಂಡನ್ನ ಆಕಾಶ. 'ಮಾಸ್ತರ, ಇಷ್ಟು ಕತ್ತಲಿ ಯಾಕ್ರಿ? ಪ್ರೇರಣಾ ಎಲ್ಲಿಂದ ಬಂತು?' ಅಂದ್ರು. 'ಕಿಲ್ಲೆದ ಪಾಳುಗೋಡಿ ನೋಡ್ತೇನ್ರಿ, ಬಾವಲಿ, ಆಲದ ಬೇರು... ಎಲ್ಲಾ ನಿಸರ್ಗಾನ' ಅಂದುಬಿಟ್ಟೆ. ವಾಹ್ ವಾಹ್ ಅಂದ್ರು. ಹೈದರಾಬಾದಿನಾಗ ತೂಗು ಹಾಕ್ತಾರಂತ. ಸುಳ್ಳು ಹೇಳೋದು ನನಗ ಎಷ್ಟು ಸಸಾರ ಆಗೇದ ನೋಡ್ರಿ.

ಕರಿ ಬಣ್ಣದ ಮಾತು ಮಾತ್ರ ಅರ್ಧಾ ಖರೇ. ನೆನಪದ ಏನ್ರಿ, ಮೊದಲನೇ ಸಲ ನನ್ನ ಕಿಲ್ಲೆಗೆ ಕರ್ಕೊಂಡು ಹೋಗಿದ್ದು? ಬಿಸಲು ಮಳಿ ಕಾಣದ ಒಂದು ಹಳೇ ಕೋಣಿಯ ಮೂಲ್ಯಾಗ ಕೂತು, ಚಿಟಿಕಿ ಮಣ್ಣು ತಗೊಂಡು ನಾಲಿಗಿ ಮ್ಯಾಲ ಇಟ್ಕೊಂಡ್ರಿ. ಎಡಗಣ್ಣು ಗಟ್ಟಿ ಮುಚ್ಚಿ, ಮೂಗು ಒಂದು ಕಡಿ ಏರಸಿ ಚಪ್ಪರಿಸಿದ್ರಿ. 'ಛೀ, ಮಣ್ಣು ತಿಂತೀರೇನ್ರಿ!' ಅಂದೆ. 'ಅರೇ ಶರಣು, ಕಣ್ಣು ಮೋಸ ಹೋಗ್ತದ, ನಾಲಿಗಿ ಹೋಗಂಗಿಲ್ಲ. ಇದು ಕೆಲಸದ ಮಣ್ಣು' ಅಂದ್ರಿ. ಆ ಮಣ್ಣು ಹಾಕಿ ಕುದಿಸಿದ ನೀರಾಗ ಅದ್ದಿದ್ರ ಬಿದರಿ ಹೂಜಿ ಕರ್ರಗಾಗಿ, ನೀವು ಕೂಡಿಸಿದ ಬೆಳ್ಳಿ ಬಳ್ಳಿ ಒಂದ ಬೆಳ್ಳಗ ಉಳೀತಿತ್ತು. ಈಗ ನಾನೂ ಆ ಮಣ್ಣ ಅರದು ಬಣ್ಣಕ್ಕ ಕೂಡಸ್ತೇನ್ರಿ. ನಾಲಿಗಿಗೆ ಮಾತ್ರ ಇಟ್ಟು ನೋಡಿಲ್ಲ. ನೀವು ಹೋದ ಮ್ಯಾಲ ನನಗ ಅದಾಗಂಗಿಲ್ಲ.

ಆ ಟೋಪಿ ದಿನ ಮರತೀರೇನು? ನಿಜಾಮರ ರಜಾಕಾರರು ನಿಮ್ಮ ಓಣಿಗೆ ಬಂದಾಗ ನಾ ನಿಮ್ಮ ಕಾರಖಾನಿಯೊಳಗ ಕುಂತಿದ್ದೆ, ಹಣಿ ತುಂಬ ವಿಭೂತಿ. ಅಂಗೈಲೆ ನನ್ನ ಹಣಿ ಒರಸಿ, ನಿಮ್ಮ ಟೋಪಿ ನನ್ನ ತಲಿಗಿಟ್ಟು, 'ನಮ್ಮ ಅಕ್ಕನ ಮಗ. ಪಾಪ, ಮೂಕ' ಅಂದ್ರಿ. ನನ್ನ ಉರ್ದು ಕೇಳಿದ್ರ ಅಲ್ಲೇ ಕಥಿ ಮುಗೀತದಂತ ನಿಮಗ ಗೊತ್ತಿತ್ತು. ಅವರು ಹೋದ ಮ್ಯಾಲ ಒಲಿ ಬೂದಿ ತಂದು ಕೊಟ್ಟು, 'ಹಚ್ಕೋ, ನಿಮ್ಮ ಶಿವ ಸಿಟ್ಟಾಗ್ತಾನ' ಅಂತ ಚಾಷ್ಟಿ ಮಾಡಿದ್ರಿ. ಆವತ್ತು ನಿಮ್ಮ ಕೈ ಒಂದೀಟೂ ನಡುಗಲಿಲ್ಲ.

ಎರಡು ತಿಂಗಳ ಹಿಂದ ಭಾಬಿಯವರ ಕಾಗದ ಬಂತು. ಅವರೀಗ ಭಾಲ್ಕ್ಯಾಗ ಅಣ್ಣನ ಮನ್ಯಾಗ ಇದ್ದಾರ್ರಿ. ನೀವು ಕಾಣದ ಮಗಳು ಸಕೀನಾ, ಏಳು ವರ್ಷದಾಕಿ. 'ಅಬ್ಬಾ ಹ್ಯಾಂಗಿದ್ರು' ಅಂತ ಮುಂಜಾನಿಂದ ಸಂಜಿತನಕ ಪ್ರಾಣ ತಿಂತಾಳಂತ. ನೀವರ ಒಂದು ಫೋಟೋ ತೆಗಿಸ್ಕೊಂಡವರಲ್ಲ. ಮುಖ ಬರಿಯೋದು ನಮ್ಮ ಕೆಲಸಲ್ಲ, ಹೂವು ಬಳ್ಳಿ ಸಾಕು ಅಂತಿದ್ರಿ. ಅದಕ್ಕ ಭಾಬಿ ಭಾಳ ಹಿಂದ ಮುಂದ ನೋಡಿ ಕೇಳ್ಯಾರ: 'ನೀವು ದಿನಾ ಅವರ ಎದುರಿಗೆ ಕುಂತವರು. ಒಂದು ಸಲ ಅವರ ಮುಖ ಬರದು ಕೊಡ್ರಿ, ಆಕಿ ನೋಡ್ಲಿ.'

ಬರೀಲಿಕ್ಕ ಕುಂತೆ, ಉಸ್ತಾದರೇ. ಕುಂತಾಗೊಮ್ಮೆ ನಿಮ್ಮ ಮುಖ ಬರಂಗಿಲ್ಲ, ಆ ಮುಖ ಬರ್ತದ. ನಮ್ಮೂರು ಎಕಂಬಾದ ಹಗೇವಿನೊಳಗ ನಾ ಕಂಡದ್ದು. ಅದನ್ನ ಮುಚ್ಚಲಿಕ್ಕ ಮ್ಯಾಲ ಕರಿ ಬಳೀತೇನಿ, ಕರಿ ಮ್ಯಾಲ ಬೇರು ಎಳೀತೇನಿ, ಟೊಂಗಿ ಇಳಿಬಿಡ್ತೇನಿ. ಸಾಹೇಬರು ವಾಹ್ ಅಂದ ಎಲ್ಲಾ ಚಿತ್ರದ ತಳದಾಗ ನೀವ ಇದ್ದೀರ್ರಿ. ಪ್ರೇರಣಾ ಅಂತ ಪ್ರೇರಣಾ!

ಪೊಲೀಸ್ ಆ್ಯಕ್ಷನ್ ಆತು, ನಿಜಾಮರು ಸೋತ್ರು, ಅಂಜಿಕಿ ಓಣಿ ಬದಲಿಸ್ತು. ನಿನ್ನಿತನಕ ನಾವು ಅಡಗಿದ್ವಿ, ಇವತ್ತು ನೀವು. ಭಾಬಿ ಹೆರಿಗಿಗೆಂತ ಹೈದರಾಬಾದಿನ ಅಕ್ಕನ ಮನಿಗೆ ಹೋಗಿದ್ರು, ನೀವು ಬೀದರದಾಗ ಒಬ್ಬರ. 'ನಮ್ಮೂರಿಗೆ ನಡೀರಿ, ಔರಾದ ಕಡಿ ಹಳ್ಳ್ಯಾಗ ಯಾರು ಕೇಳ್ತಾರ' ಅಂತ ಕರ್ಕೊಂಡು ಹೋದವ ನಾನ. ಐದು ದಿನ ಅವ್ವನ ಕೈ ರೊಟ್ಟಿ ತಿಂದು, ಆಕಿ ಬೀಸೋಕಲ್ಲಿಗೆ ಬಳ್ಳಿ ಕೆತ್ತಿಕೊಡ್ತೇನಿ ಅಂದಿದ್ರಿ. ಆರನೇ ದಿನ ಸುದ್ದಿ ಬಂತು: ಕೋಲು ಕೊಡ್ಲಿ ಹಿಡಕೊಂಡು ನಿಮ್ಮವರನ್ನ ಊರೂರು ಹುಡುಕ್ಲಿಕತ್ತಾರ, ನಮ್ಮೂರವರೂ ಅವರ ಕೂಡ ಸೇರ್ಯಾರ. ಅವ್ವ ಅಂಗಳ ಕಡಿ ನೋಡಿದ್ಲು. ಅಲ್ಲೇ ನೆಲದೊಳಗ ನಮ್ಮ ಜೋಳದ ಹಗೇವು ಇತ್ತು, ಎರಡಾಳು ಆಳ, ಜೋಳ ಮುಗದು ತಳ ಕಂಡಿತ್ತು.

ಹಗೇವಿನ ಸಂಗತಿ ನಾ ನಿಮಗ ಹಿಂದ ಒಮ್ಮೆ ಹೇಳಿದ್ದೆ. ಮಳಿಗಾಲದಾಗ ಅದರೊಳಗ ಕೆಟ್ಟ ಗಾಳಿ ಕುಂತಿರ್ತದ. ಕಲ್ಲು ಸರಿಸಿದವರು ಒಂದು ದಿನ ಬಾಯಿ ತೆರದು ಬಿಡ್ತಾರ, ಆಮ್ಯಾಲ ಹಗ್ಗಕ್ಕ ಕಂದೀಲು ಕಟ್ಟಿ ಇಳಸ್ತಾರ. ದೀಪ ಉರದ್ರ ಮನಷ್ಯಾ ಇಳೀಬೇಕು, ಆರಿದ್ರ ಇಲ್ಲ. ನಾವು ಕಲ್ಲು ಸರಿಸಿದ್ದು ಆವತ್ತ ಮುಂಜಾನಿ. 'ಕಂದೀಲು ಇಳಿಸಿ ನೋಡಪಾ, ಆಮ್ಯಾಲ ಅವರನ್ನ ಇಳಸು' ಅಂತ ಹೇಳಿ ಅವ್ವ ಬಾಗಿಲಿಗೆ ಕಾವಲು ನಿಂತ್ಲು. ಕಂದೀಲು ಕೈಯಾಗಿತ್ತು, ಕಡ್ಡಿಪೆಟ್ಟಿಗಿನೂ ಇತ್ತು. ಅಷ್ಟರಾಗ ಎದುರು ಮಾಳಿಗಿ ಮ್ಯಾಲ ಒಬ್ಬ ಬಂದು ನಿಂತ. ಹಾಡಹಗಲ ಅಂಗಳದಾಗ ಕಂದೀಲು ಹಚ್ಚಿದವನ್ನ ಕಂಡ್ರ ನಮ್ಮ ಕಡಿ ಕೂಸಿಗೂ ತಿಳೀತದ್ರಿ, ಹಗೇವು ತೆಗದಾರಂತ. ಕಂದೀಲು ಬೆನ್ನ ಹಿಂದ ಮುಚ್ಚಿಟ್ಟೆ. ಅವ ಇಳದು ಹೋದ, ನನ್ನ ಕೈ ಮಾತ್ರ ಮತ್ತ ಕಡ್ಡಿ ಗೀರಲಿಲ್ಲ.

ನೀವು ಹಗ್ಗ ಹಿಡದು ಹಗೇವಿನ ಬಾಯಾಗ ಕುಂತ್ರಿ. ಎಲ್ಲಾ ನೆನಪಿಡೋ ಮನಷ್ಯಾ ನೀವು! 'ಚಿರಾಗ್ ಇಳಸ್ತಾರ ಅಂದಿದ್ದಿ ಅಲ್ಲ, ಶರಣು?' ಅಂತ ಕೇಳಿದ್ರಿ. ನಾ ಏನಂದೆ?

'ಮುಂಜಾನೆನ ಇಳಿಸಿ ನೋಡೀನ್ರಿ. ಛಲೋ ಉರೀತು.'

ಸುಳ್ಳು, ಉಸ್ತಾದರೇ. ನಾ ಇಳಿಸಿರಲಿಲ್ಲ. ನೀವು ಹೂಂ ಅಂದು ನನ್ನ ಮಾತಿನ ಮ್ಯಾಲ ಇಳದ್ರಿ. ಅರ್ಧಕ್ಕ ನಿಂತು ಗೋಡಿಯಿಂದ ಚಿಟಿಕಿ ಮಣ್ಣು ತಗೊಂಡು ನಾಲಿಗಿಗೆ ಇಟ್ಟು, ಎಡಗಣ್ಣು ಮುಚ್ಚಿದ್ರಿ. 'ನಿಮ್ಮೂರ ಮಣ್ಣು ಫೀಕಾ, ಸಪ್ಪಗ ಅದ ನೋಡು' ಅಂದು ನಕ್ರಿ. ಅದ ಕಡೀ ಮಾತು. ನಾ ಕಲ್ಲು ಎಳದೆ.

ಅವರು ಬಂದ್ರು. ಹಾಸಿಗಿ ಝಾಡಿಸಿದ್ರು, ಮೇವಿನ ಬಣವಿಗೆ ಭರ್ಚಿ ಚುಚ್ಚಿದ್ರು, ಅವ್ವನ ಕೈಯಾಗ ನೀರು ಇಸ್ಕೊಂಡು ಕುಡದ್ರು. ಒಬ್ಬ ಆ ಕಲ್ಲಿನ ಮ್ಯಾಲ ಕುಂತ! ನನ್ನ ಹೆಗಲು ತಟ್ಟಿ, 'ಯಾಕೋ ಶರಣಪ್ಪ, ಮಾರಿ ಬಿಳಿಚ್ಯಾದ' ಅಂತ ನಕ್ಕ. ಅವ ಈಗಲೂ ಊರ ಕಟ್ಟಿ ಮ್ಯಾಲ ದೊಡ್ಡ ಮನಷ್ಯಾ ಆಗಿ ಕೂಡ್ತಾನ್ರಿ. ಎಷ್ಟು ಹೊತ್ತು ಇದ್ರೋ, ನಾಕು ರೊಟ್ಟಿ ಬಡಿಯೋ ಹೊತ್ತೋ, ಒಂದು ಜನ್ಮಾನೋ... ಅವರು ಊರು ದಾಟಿದ ಮ್ಯಾಲ ಕಲ್ಲು ಸರಿಸಿದೆ. ನಡುಹಗಲ ಬಿಸಲು ನೆಟ್ಟಗ ಒಳಗ ಬಿತ್ತು. ನೀವು ಗೋಡಿಯ ಬೇರು ಹಿಡಕೊಂಡು, ಮುಖ ಮ್ಯಾಲಕ್ಕೆತ್ತಿ, ಕಣ್ಣು ತೆರದು ನನ್ನ ನೋಡ್ಲಿಕತ್ತಿದ್ರಿ. ಕೂಗಿದೆ. ಮತ್ತ ಕೂಗಿದೆ. ಆವಾಗ ಕಂದೀಲು ಹಚ್ಚಿ ಇಳಿಸಿದೆ. ಅರ್ಧಕ್ಕ ಆರಿಹೋತು.

ಬೇವಿನ ಟೊಂಗಿ ಹಗ್ಗಕ್ಕ ಕಟ್ಟಿ ಮ್ಯಾಲ ಕೆಳಗ ಆಡಿಸಿ ಗಾಳಿ ಬಿಡಿಸಿದ್ವಿ, ನಾನು ಅವ್ವ. ಮರುದಿನ ನಸುಕಿನಾಗ ನಮ್ಮ ಹೊಲದ ಬೇವಿನ ಬುಡಕ್ಕ ಮಣ್ಣು ಮಾಡಿದ್ವಿ. ನಮ್ಮವರನ್ನ ಕುಣ್ಯಾಗ ಕುಂಡ್ರಿಸಿದಂಗ ನಿಮ್ಮನ್ನ ಕುಂಡ್ರಿಸಲಿಲ್ಲ. ತಲಿ ಉತ್ತರಕ್ಕ, ಮುಖ ಪಶ್ಚಿಮಕ್ಕ, ನಿಮ್ಮವರು ಮಾಡೋದನ್ನ ಒಮ್ಮೆ ನೋಡಿದ್ದೆ. ಭಾಬಿಗೆ 'ಜ್ವರ ಬಂದು ತೀರಿಕೊಂಡ್ರು' ಅಂತ ಬರದೆ. ಅವ್ವ ಹೋದ ವರ್ಷ ಹೋದ್ಲು. ಈಗ ಈ ಸಂಗತಿ ಗೊತ್ತಿದ್ದವ ನಾನೊಬ್ಬ. ನಾಳಿ ಭಾಲ್ಕಿಗೆ ಹೋಗಬೇಕು. ಮುಖ ಬರೀಬೇಕಂದ್ರ ಮೊದಲ ಇದನ್ನ ಹೇಳ್ಬೇಕು, ಇಲ್ಲಂದ್ರ ಕೈ ಏಳಂಗಿಲ್ಲ. ಹೇಳಿದ್ರ ಭಾಬಿ ನನ್ನ...

ಮೂರು ದಿನ ಆತ್ರಿ ಕಾಗದ ಇಲ್ಲಿಗೆ ಬಿಟ್ಟು.

ಭಾಲ್ಕಿ ಮೋಟಾರು ಹತ್ತಿದೆ. ಎರಡು ಸಲ ಇಳದು ಹೋಗಲಿಕ್ಕ ಎದ್ದು ನಿಂತೆ. ಭಾಬಿ ಅಕ್ಕಿ ಆರಿಸ್ಕೋತ ಕುಂತಿದ್ರು. ಚಹಾ ಬಂತು, ಕುಡೀಲಿಲ್ಲ. ಜ್ವರ ಸುಳ್ಳು, ಕಂದೀಲು ಸುಳ್ಳು, ಎಲ್ಲಾ ಹೇಳಿದೆ. ಮೊರದ ಮ್ಯಾಲ ಆಡೋ ಕೈ ನಿಂತುಹೋತು. ಬೈದಿದ್ರ ಎಷ್ಟೋ ಛಲೋ ಇತ್ತು. ಕಡೀಗೆ ಕೇಳಿದ್ರು:

'ತಲಿ ಯಾವ ಕಡಿ ಇಟ್ಟೀರಿ?'

'ಉತ್ತರಕ್ರಿ ಭಾಬಿ. ಮುಖ ಪಶ್ಚಿಮಕ್ಕ.'

ಸೆರಗಿನಾಗ ಮುಖ ಮುಚ್ಕೊಂಡ್ರು. ಆಮ್ಯಾಲ ಒರಸ್ಕೊಂಡು ಅಂದ್ರು, 'ಮಾಫ್ ಅನ್ಲಿಕ್ಕ ಇವತ್ತು ನನ್ನ ಬಾಯಿ ಬರಂಗಿಲ್ಲ, ಶರಣಪ್ಪ. ನಾಳಿ ಬರ್ತದೋ ಇಲ್ಲೋ, ಗೊತ್ತಿಲ್ಲ. ಆದ್ರ ಪೋರಿಗೆ ಮಾತು ಕೊಟ್ಟೀನಿ. ಚಿತ್ರ ಬರದು ಕೊಡ್ರಿ.'

ಕಾಗದ ಹಾಸಿದೆ. ಇದ್ದಲಿ ಹಿಡದೆ. ಮತ್ತ ಅದ ಮುಖ, ಅವ ಕಣ್ಣು! ಹರದೆ. ಎರಡನೇದೂ ಹರದೆ. ಸಕೀನಾ ಎದುರಿಗೆ ಕುಂತು ನೋಡ್ಲಿಕತ್ತಿದ್ಲು. ಆಕಿ ಮುಂದ ಆ ಮುಖ ಇನ್ನೊಮ್ಮೆ ಬಂದ್ರ ಹ್ಯಾಂಗ ಅಂತ ಇದ್ದಲಿ ಕೆಳಗಿಟ್ಟೆ. ಆಕಿ ಅಷ್ಟರಾಗ ನನ್ನ ಬಣ್ಣದ ಪೆಟ್ಟಿಗ್ಯಾಗ ಕೈ ಹಾಕಿ ಒಂದು ಡಬ್ಬಿ ತೆಗದಿದ್ಲು. 'ಇದೇನ್ರೀ ಚಾಚಾ?' 'ಕಿಲ್ಲೆ ಮಣ್ಣವ್ವಾ. ನಿಮ್ಮ ಅಬ್ಬಾ ಇದರಾಗ ಕೆಲಸ ಮಾಡ್ತಿದ್ರು' ಅಂದೆ.

ಬ್ಯಾಡ ಅನ್ನೋದ್ರಾಗ ಚಿಟಿಕಿ ಎತ್ತಿ ನಾಲಿಗಿ ಮ್ಯಾಲ ಇಟ್ಕೊಂಡ್ಲು. ಯಾರು ಕಲಿಸಿದ್ರು ಆಕಿಗೆ? ಭಾಬಿಗೂ ಗೊತ್ತಿಲ್ಲ. ಎಡಗಣ್ಣು ಗಟ್ಟಿ ಮುಚ್ಚಿದ್ಲು. ಮೂಗು ಒಂದು ಕಡಿ ಏರಿಸಿದ್ಲು. ಚಪ್ಪರಿಸಿ, 'ಉಪ್ಪುಪ್ಪು ಅದ' ಅಂದ್ಲು.

ಉಸ್ತಾದರೇ, ನೀವು ಬಂದ್ರಿ! ಏಳು ವರ್ಷದ ಮ್ಯಾಲ, ಜೀವಂತ, ನಾಲಿಗಿ ಮ್ಯಾಲ ಮಣ್ಣು ಇಟ್ಕೊಂಡು ಬಂದ್ರಿ. ಅಳೋದು ಬರಿಯೋದು ಎರಡೂ ಕೂಡ ಮಾಡಿದೆ. ಚಿತ್ರ ಮುಗದಾಗ ಭಾಬಿ ನೋಡಿ ನಕ್ಕುಬಿಟ್ರು. 'ಹೌದ್ರಿ, ಹಿಂಗ ಮಾಡ್ತಿದ್ರು, ಊಟಕ್ಕ ಕುಂತ್ರೂ ಬಾಯಿ ಮಣ್ಣು ನಾರ್ತಿತ್ತು' ಅಂದ್ರು. ನಕ್ಕವರು ಅಲ್ಲೇ ಗೋಡಿ ಕಡಿ ತಿರಗಿ ಅತ್ರು. ನಾ ಹೊಂಟು ನಿಂತಾಗ ಒಂದ ಮಾತು ಕೇಳಿದ್ರು: 'ನಮ್ಮನ್ನ ಅಲ್ಲಿಗೆ ಕರ್ಕೊಂಡು ಹೋಗ್ತೀರೇನು?'

ಹೂಂ ಅಂದು ಬಂದೀನ್ರಿ. ಬರೋ ಶುಕ್ರವಾರ. ಬೇವಿನ ಗಿಡಕ್ಕ ಹೋಗೋ ಹಾದಿ ಆ ಕಟ್ಟಿ ಮುಂದಿಂದಾನ ಅದ, ಅವ ಅಲ್ಲೇ ಕುಂತಿರ್ತಾನ. ನನಗೀಗ್ಲೇ ಬಾಯಿ ಒಣಗ್ತದ. ಆದ್ರೂ ನಮ್ಮ ಅಂಗಳದಾಗ ನಡುಹಗಲಿಗೆ ಕಂದೀಲು ಹಚ್ತೇನಿ, ಹಚ್ಚಿದ್ದನ್ನ ಕೈಯಾಗ ಹಿಡದು ನಿಮ್ಮ ತನಕ ನಡೀತೇನಿ, ಹಿಂದ ಭಾಬಿ, ಸಕೀನಾ. ಊರು ಕೇಳ್ತದ, ಯಾಕೋ ಮಾಸ್ತರ, ಹಾಡಹಗಲ ಕಂದೀಲು, ಏನು ತೆಗಿಲಿಕತ್ತಿ ಅಂತ. ಹೇಳ್ತೇನ್ರಿ.

ಎಣ್ಣಿ ತುಂಬಿಟ್ಟೀನಿ. ಬತ್ತಿ ಹೊಸಾದು. ಹಚ್ಚಿ ನೋಡೀನ್ರಿ, ಉರೀತದ. ಈ ಮಾತು ಸುಳ್ಳಲ್ಲ.

ನಿಮ್ಮ
ಶರಣಪ್ಪ